ಲೈಟು ಹೋದಾಗ ಏನು ಮಾಡುತ್ತಿದ್ದಿರಿ?

ದಿನಾಂಕ ೧೨ ನವೆಂಬರ್ ೧೯೮೩, ಶನಿವಾರ. ಬೆಳಿಗ್ಗೆ ಎಂಟಕ್ಕೆ ಪುಣೆಯ ಬಿಬವೇವಾಡಿಯ ಪೊಲೀಸ್ ಚೌಕಿಗೆ ಇಬ್ಬರು ಬಂದರು. ಒಬ್ಬರು ಇಂಗ್ಲಿಷ್ ಕಲಿಸುವ ನೀರಜಾ ಟೀಚರ್. ಇನ್ನೊಬ್ಬರು ಹೋಟೆಲ್ ಮಾಲೀಕ ಮಹಾಲಿಂಗ ಶೆಟ್ಟಿ. ಅವರ ಹೋಟೆಲಿನ ಮಾಳಿಗೆಯ ಮೇಲೆಯೇ ಟೀಚರ್ ಸಂಜೆ ಕ್ಲಾಸು ನಡೆಸುತ್ತಿದ್ದರು. ಜಾಗ ಪುಕ್ಕಟೆ. ಪಾಠ ಕೇಳುವವರಲ್ಲಿ ಶೆಟ್ಟರೂ ಇದ್ದರು, ಅವರ ಹೆಂಡತಿ ಲೀಲಾಕ್ಷಿಯೂ ಇದ್ದರು.

ದೂರು ಸಣ್ಣದು. ಶುಕ್ರವಾರ ಸಂಜೆ ಕ್ಲಾಸಿನ ನಡುವೆ ಲೈಟು ಹೋಯಿತು. ಬಂದಾಗ ಟೇಬಲ್ ಮೇಲಿದ್ದ ಟೇಪ್ ರೆಕಾರ್ಡರ್ ಇರಲಿಲ್ಲ.

"ನಾಳೆ ಕನ್ನಡ ಸಂಘದ ಸಭಾದಾಗ ಎಲ್ಲಾರ ದನಿ ಕೇಳಸಬೇಕಂತ ರೆಕಾರ್ಡ್ ಮಾಡಲಿಕ್ಕೆ ಹತ್ತಿದ್ದೆ ಸಾಹೇಬ್ರ," ಎಂದರು ನೀರಜಾ.

ಇನ್ಸ್‌ಪೆಕ್ಟರ್ ಬಿಂದುಮಾಧವ ವಿಜಾಪುರದ ಕಡೆಯವರು. ಪುಣೆಗೆ ಬಂದು ಮೀಸೆ ನರೆತಿತ್ತು, ಮಾತು ನರೆತಿರಲಿಲ್ಲ. "ಯಾರ ಮ್ಯಾಲರೆ ಸಂಶಯ?" ಎಂದು ಕೇಳಿದರು.

ಟೀಚರ್ ಬಾಯಿ ಬಿಡುವ ಮೊದಲೇ ಶೆಟ್ಟರು ಹೇಳಿದರು: "ಅದರಲ್ಲಿ ಸಂಶಯ ಎಂತ ಉಂಟು? ನಮ್ಮ ಕ್ಲಾಸಿಗೆ ಬರುವ, ಇಟ್ಟಿಗೆ ಹೊರುವ ತಾಯಪ್ಪ. ನಾನು ಕಿಟಕಿ ಹತ್ತಿರ ಕೂತಿದ್ದೆ. ಅವ ಟೇಬಲ್ ಹತ್ತಿರ ಸುಳಿದದ್ದು ನೋಡಿದ್ದೇನೆ. ಬೆಳಕು ಬಂದ ಕೂಡ್ಲೇ ಹೊರಟು ಹೋದ."

"ಕತ್ತಲದಾಗ ನೋಡಿದ್ರಿ?"

"ಸ್ವಲ್ಪ ಕಂಡಿತು ಮಾರಾಯ್ರೆ."

ಬಿಂದುಮಾಧವ ಎಫ್‌ಐಆರ್ ಬರೆಸಿದರು. ಆರೋಪಿಯ ಕಡೆ 'ಅಪರಿಚಿತ' ಎಂದೇ ಹಾಕಿಸಿದರು. ತಾಯಪ್ಪನ ಹೆಸರು ಬರೆಯಿರಿ ಎಂದು ಶೆಟ್ಟರು ಮತ್ತೆ ಮತ್ತೆ ಹೇಳಿದರು. ಹೇಳಿದಷ್ಟೂ ಇನ್ಸ್‌ಪೆಕ್ಟರರ ಪೆನ್ನು ಹಿಂದೆ ಸರಿಯಿತು.

ಹವಾಲ್ದಾರ್ ಭೀಮಣ್ಣ ಕಟ್ಟಡದ ಕೆಲಸದ ಜಾಗದಿಂದ ತಾಯಪ್ಪನನ್ನು ಕರೆತಂದ. ಹಿಂದೆಯೇ ಅವನ ಹೆಂಡತಿ ಯಮನವ್ವ ಸಿಮೆಂಟಿನ ಕೈಯಲ್ಲೇ ಓಡಿ ಬಂದಳು.

"ಲೈಟು ಹೋದಾಗ ಏನು ಮಾಡಲಿಕ್ಕೆ ಹತ್ತಿದ್ದಿ?"

"ಬೆಂಚಿನ ಬುಡಕ ಕುಂತಿದ್ನಿರಿ."

"ಬೆಂಚಿನ ಬುಡಕ? ಯಾಕ?"

"ಟೀಚರ್ ಕುಂದ್ರು ಅಂದ್ರಿ, ಕುಂತ್ನಿ. ಪಾಠರಿ ಅದು."

ಭೀಮಣ್ಣ ಕಿಸಕ್ಕನೆ ನಕ್ಕ. ಬಿಂದುಮಾಧವ ನಗಲಿಲ್ಲ. "ಲಗೂನ ಯಾಕ ಹೋದಿ?"

"ರಾತ್ರಿ ಸ್ಲ್ಯಾಬ್ ಹಾಕೋದಿತ್ರಿ. ಮುಕಾದಮ್ ಬೈತಾನ."

ಯಮನವ್ವ ತಡೆಯಲಾರದೆ ಒಳಗೆ ನುಗ್ಗಿದಳು. "ಸಾಹೇಬ್ರ, ಸೋಮವಾರ ಭೋಸರಿ ಕಾರ್ಖಾನಿಯಾಗ ಇವನ ನೌಕರಿ ಐತ್ರಿ. ಪೊಲೀಸರ ದಾಖಲಾ ತರ್ರಿ ಅಂದಾರ. ಹೆಸರು ಕೆಟ್ಟಿಲ್ಲಂತ ಬರದು ಕೊಡಬೇಕ್ರಿ. ನೀವs ಕಳ್ಳ ಅಂತ ಬರದ್ರ ನಾವು ಸಾಯೋತನ ಇಟ್ಟಂಗಿನ ಹೊರಬೇಕ್ರಿ!"

ಅವಳು ಅತ್ತಳು. ಸೋಮವಾರಕ್ಕೆ ಉಳಿದದ್ದು ಒಂದೇ ಭಾನುವಾರ. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. "ಭೀಮಣ್ಣ, ಪಂಚನಾಮಾಕ್ಕ ನಡಿ. ತಾಯಪ್ಪನ್ನೂ ಕರಕೋ."

ಹೋಟೆಲಿಗೆ ಹೋದ ಕೂಡಲೇ ಭೀಮಣ್ಣನ ಹೊಟ್ಟೆ ತನಿಖೆಗಿಂತ ಮುಂದೆ ಓಡಿತು. ಬೆಳಿಗ್ಗೆಯಿಂದ ಚಹಾದ ಮೇಲೇ ಇದ್ದ ಜೀವ. "ಎರಡು ಇಡ್ಲಿ ಕೊಡ್ರಿ," ಎಂದ.

"ಇವತ್ತು ಇಡ್ಲಿ ಇಲ್ಲ," ಎಂದ ಅಡುಗೆಯವ. "ನೀರುದೋಸೆ ಮಾತ್ರ."

"ಉಡುಪಿ ಹೋಟೆಲಿನಾಗ ಇಡ್ಲಿ ಇಲ್ಲ? ಶಿವ ಶಿವಾ! ಯಾಕಪ್ಪ?"

"ನಿನ್ನೆ ರಾತ್ರಿ ಹಿಟ್ಟು ರುಬ್ಬುದು ಬೇಡ ಹೇಳಿದ್ರು ಧಣಿಗಳು. ನೆನೆದ ಅಕ್ಕಿ ದೋಸೆಗೆ ಹೋಯ್ತು."

ಭೀಮಣ್ಣ ಗೊಣಗುತ್ತ ದೋಸೆ ತಿಂದ, ಗೊಣಗುತ್ತಲೇ ಮಾಳಿಗೆ ಹತ್ತಿ ಸಾಹೇಬರ ಮುಂದೆಯೂ ಅದನ್ನೇ ಗೊಣಗಿದ. ಬಿಂದುಮಾಧವ ಕೇಳಿಸಿಕೊಂಡರು.

ಮೇಲೆ ಕ್ಲಾಸಿನವರೆಲ್ಲ ಸೇರಿದ್ದರು. ನೀರಜಾ ತಮ್ಮ ಪಾಠದ ರೀತಿ ವಿವರಿಸಿದರು. ಪುಸ್ತಕ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡುವುದು: ಒಬ್ಬ ಬಾಗಿಲ ಹಿಂದೆ ಸುಮ್ಮನೆ ನಿಲ್ಲಬೇಕು, ಒಬ್ಬ ಬೆಂಚಿನ ಕೆಳಗೆ ಕೂರಬೇಕು, ಒಬ್ಬರು ಟೇಬಲ್ ಸುತ್ತ ನಿಧಾನ ನಡೆಯಬೇಕು. ಆಮೇಲೆ ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೆ, ಹೇಗೆ, ಎಲ್ಲಿ ಎಂಬುದನ್ನು ಒಂದೇ ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕು.

"ಏನು ಮಾಡತಿದ್ದಿ, ಹ್ಯಾಂಗ, ಎಲ್ಲಿ," ಎಂದು ಇನ್ಸ್‌ಪೆಕ್ಟರ್ ಎಣಿಸಿದರು. "ಟೀಚರ್, ನಮ್ಮ ಚೌಕಿಯಾಗೂ ಇದs ಪಾಠ ನಡೀತದ. ನಮ್ಮಲ್ಲಿ ಪಾಸಾಗೋದು ಭಾಳ ಕಷ್ಟ, ಅಷ್ಟs. ಎಲ್ಲಾರೂ ನಿನ್ನೆ ಎಲ್ಲಿದ್ರಿ, ಅಲ್ಲೇ ಹೋಗಿ ನಿಲ್ರಿ."

ಎಲ್ಲರೂ ಎದ್ದರು. ಬಾಗಿಲ ಹಿಂದೆ ಹೋಗಿ ನಿಂತ ಬೇಕರಿಯವ, "ಐ ವಾಸ್ ಸ್ಟ್ಯಾಂಡಿಂಗ್ ಕ್ವಾಯಟ್ಲಿ ಬಿಹೈಂಡ್ ದ ಡೋರ್," ಎಂದು ಕೇಳದೆಯೇ ಒಪ್ಪಿಸಿದ. ತಾಯಪ್ಪ ಬೆಂಚಿನ ಕೆಳಗೆ ತೂರಿದ. ಬೆಂಚಿನ ಮೇಲೆ ಲೀಲಾಕ್ಷಿ ಮತ್ತು ನಾಲ್ವರು ಸಾಲಾಗಿ ಕಾಲು ಬಿಟ್ಟು ಕುಳಿತರು. ಶೆಟ್ಟರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡರು.

"ಅಲ್ಲ ಶೆಟ್ರ," ಎಂದರು ನೀರಜಾ, "ನೀವು ಟೇಬಲ್ ಸುತ್ತ ನಡೀಲಿಕ್ಕೆ ಹತ್ತಿದ್ರಿ. ನಿಮ್ಮ ವಾಕ್ಯ ರೆಕಾರ್ಡ್ ಆಗಲಿಕ್ಕೆ ಹತ್ತಿದಾಗನ ಲೈಟು ಹೋತು."

"ಓ ಹೌದಾ? ಮರೆತು ಹೋಯ್ತು."

ಬಿಂದುಮಾಧವ ಕಿಟಕಿ ಮುಚ್ಚಿಸಿ ಅದಕ್ಕೆ ಚಾಪೆ ಕಟ್ಟಿಸಿದರು. ಟೇಬಲ್ ಮೇಲೆ ತಮ್ಮ ಟೋಪಿ ಇಟ್ಟರು. "ತಾಯಪ್ಪ, ಲೈಟು ಹೋತು. ಯಾರಿಗೂ ಗೊತ್ತಾಗದಂಗ ಬಂದು ಟೋಪಿ ತಗೋ."

ಕತ್ತಲಾಯಿತು. ದಡ್ ಎಂದು ತಲೆ ಬೆಂಚಿಗೆ ಬಡಿಯಿತು. "ಅಯ್ಯೋ, ನನ್ನ ಕಾಲು!" ಎಂದರು ಲೀಲಾಕ್ಷಿ. ಪಕ್ಕದವನ ಚಪ್ಪಲಿ ಹಾರಿತು. ಚಾಪೆ ತೆಗೆದಾಗ ತಾಯಪ್ಪ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದ್ದ.

"ನಿನ್ನೆ ಹಿಂಗ ಯಾರ ಕಾಲಿಗರೆ ತಾಕಿದ್ನ?"

ಇಲ್ಲ ಎಂದರು ಐವರೂ. ಬೆಳಕು ಬಂದ ಮೇಲೆ ತಾವೇ ಕಾಲೆತ್ತಿ ಅವನನ್ನು ಹೊರಗೆ ಬಿಟ್ಟೆವು ಎಂದರು.

"ಹಂಗಾರ ಕತ್ತಲದಾಗ ಕೋಣಿ ಬಿಟ್ಟು ಹೋದವರು ಯಾರು?"

"ಇವರೇ," ಎಂದರು ಲೀಲಾಕ್ಷಿ, ಗಂಡನನ್ನು ನೋಡಿ. "ಮೇಣದಬತ್ತಿ ತರ್ತೇನೆ ಹೇಳಿ ಕೆಳಗೆ ಹೋದ್ರು. ಮೇಣದಬತ್ತಿ ಇಲ್ಲೇ ಕಪಾಟಲ್ಲಿ ಉಂಟಲ್ಲ, ಕೆಳಗೆ ಯಾಕೆ ಹೋಗುದು ಅಂತ ನಾನು ಕೇಳಿದೆ ಸಹ."

ಹೇಳಿದ ಮೇಲೆ ಅವರಿಗೇ ಏನೋ ಹೊಳೆದು ಬಾಯಿ ಮುಚ್ಚಿದರು.

ಬಿಂದುಮಾಧವ ಭೀಮಣ್ಣನತ್ತ ತಿರುಗಿದರು. "ನಿನ್ನ ಇಡ್ಲಿ ಹುಡುಕೋಣು ನಡಿ."

ಅಡುಗೆಮನೆಯ ಮೂಲೆಯಲ್ಲಿ ಹಿಟ್ಟು ಹುಳಿ ಬರಿಸುವ, ಕಲಾಯಿ ಹಾಕಿದ ತಾಮ್ರದ ಹಂಡೆ ಇತ್ತು. ಮುಚ್ಚಳದ ಮೇಲೆ ರುಬ್ಬುವ ಗುಂಡುಕಲ್ಲು. ಇದನ್ನು ಮುಟ್ಟಬಾರದೆಂದು ಧಣಿಗಳ ಅಪ್ಪಣೆಯಾಗಿದೆ ಎಂದ ಅಡುಗೆಯವ. ಭೀಮಣ್ಣ ಕಲ್ಲನ್ನು ಉರುಳಿಸಿ ಮುಚ್ಚಳ ತೆಗೆದ. ಹಿಟ್ಟು ಇರಬೇಕಾದ ಜಾಗದಲ್ಲಿ, ಶೆಟ್ಟರ ಹೆಗಲ ಶಾಲಿನಲ್ಲಿ ಸುತ್ತಿದ ಟೇಪ್ ರೆಕಾರ್ಡರ್ ಮಲಗಿತ್ತು. ಕದ್ದವನು ಹೋಟೆಲಿನವನಲ್ಲದೆ ಬೇರೆ ಯಾರೇ ಆಗಿದ್ದರೂ ಅದನ್ನು ಅಲ್ಲಿ ಇಡುತ್ತಿರಲಿಲ್ಲ. ಊರಿಗೆಲ್ಲ ಇಡ್ಲಿ ತಪ್ಪಿಸುವ ಅಧಿಕಾರ ಅಲ್ಲಿದ್ದುದು ಒಬ್ಬರಿಗೇ.

ಜಪ್ತಿ ಪಂಚನಾಮೆ ಬರೆದು ಪಂಚರ ಸಹಿ ಹಾಕಿಸಿದರು. ವಸ್ತು ಅದೇ ಹೌದೆಂದು ಗುರುತಿಸಲು ನೀರಜಾ ಎಲ್ಲರೆದುರು ಗುಂಡಿ ಒತ್ತಿದರು.

ಬೇಕರಿಯವನ ದನಿ ಬಂತು. ಆಮೇಲೆ ಶೆಟ್ಟರದು. "ಐ ವಾಸ್... ಐ ವಾಸ್ ವಾಕಿಂಗ್... ವಾಸ್..." ಅಲ್ಲಿಗೆ ನಿಂತಿತು. ಟೇಪಿನೊಳಗೆ ಯಾರೋ ನಕ್ಕರು, ನಿನ್ನೆಯ ಕೋಣೆ ತುಂಬ ನಗು ಹಬ್ಬಿತು. ಎಲ್ಲರಿಗಿಂತ ಜೋರು ಲೀಲಾಕ್ಷಿಯ ನಗು. ಅದರ ನಡುವೆ ಟೇಪು ನಿಂತಿತು. ಲೈಟು ಹೋದದ್ದು ಆಗಲೇ.

"ನಾಳೆ ಅದೇ ನಗು ಇಡೀ ಸಂಘ ನಗ್ತಿತ್ತು," ಎಂದರು ಶೆಟ್ಟರು. "ನಾನು ಅಧ್ಯಕ್ಷ ಸಾರ್. ನನಗೆ ಇಂಗ್ಲಿಷು ನೀರು ಕುಡಿದ ಹಾಗೆ ಅಂತ ಎಲ್ರಿಗೂ ಹೇಳಿಕೊಂಡಿದ್ದೆ."

"ತಾಯಪ್ಪನ ಹೆಸರು ಯಾಕ ಹೇಳಿದ್ರಿ?"

ಶೆಟ್ಟರು ನೆಲ ನೋಡಿದರು. "ಅವನ ಹೆಸರು ಹೇಳಿದ್ರೆ ಯಾರೂ ಮತ್ತೆ ಕೇಳುದಿಲ್ಲ ಅಂತ."

ಬಿಂದುಮಾಧವರಿಗೆ ಮೈ ಉರಿಯಿತು. ಕಳವಿಗೆ ಒಂದು ಕಲಂ ಸಾಕಿತ್ತು. ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟದ್ದನ್ನೂ ಸೇರಿಸಿ ಬರೆಸಿ, ಶೆಟ್ಟರನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿದರು. ತಾಯಪ್ಪನ ದಾಖಲೆಯನ್ನು ಹೋಟೆಲಿನ ಗಲ್ಲಾ ಮೇಜಿನ ಮೇಲೆಯೇ ಬರೆದು, ಸಹಿ ಮಾಡಿ, ಯಮನವ್ವನ ಕೈಗೆ ಕೊಟ್ಟರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು.

ತಾಯಪ್ಪ ಟೀಚರ್ ಕಡೆ ನೋಡಿದ. "ಅಕ್ಕಾರ, ನಂದೂ ಐತಲ್ರಿ ಅದರಾಗ? ಇಕಿಗೆ ಒಮ್ಮೆ ಕೇಳಸ್ರಿ."

ನೀರಜಾ ಟೇಪನ್ನು ಹಿಂದಕ್ಕೆ ತಿರುಗಿಸಿದರು. ತಾಯಪ್ಪನ ವಾಕ್ಯ ಶೆಟ್ಟರದಕ್ಕಿಂತ ಕೆಟ್ಟದಾಗಿತ್ತು. ಒಂದು ಶಬ್ದ ನುಂಗಿ, ಇನ್ನೊಂದಕ್ಕೆ ತಡವರಿಸಿ, ಕೊನೆಗೆ "ಸಾಕ್ರಿ ಅಕ್ಕಾರ" ಎಂದು ಕನ್ನಡದಲ್ಲೇ ಮುಗಿಸಿದ್ದ. ಯಮನವ್ವ ಸೆರಗು ಬಾಯಿಗಿಟ್ಟು ನಕ್ಕಳು. ತಾಯಪ್ಪ ಅವಳಿಗಿಂತ ಜೋರಾಗಿ ನಕ್ಕ.

"ಇನ್ನೊಮ್ಮೆ ಹಚ್ರಿ!" ಎಂದಳು ಅವಳು.

ನಗು ರಸ್ತೆಯವರೆಗೂ ಕೇಳಿತು. ಜೀಪಿನಲ್ಲಿದ್ದ ಶೆಟ್ಟರು ತಲೆ ಎತ್ತಿ ಹೋಟೆಲಿನ ಬಾಗಿಲು ನೋಡಿದರು. ಅಲ್ಲಿ ಲೀಲಾಕ್ಷಿ ನಿಂತಿದ್ದರು. ಒಳಗೆ ಎಲ್ಲರೂ ನಗುತ್ತಿದ್ದರು, ಅವರೊಬ್ಬರು ನಗುತ್ತಿರಲಿಲ್ಲ.