ಎರಕ ಮುಗಿದ ಮೇಲೆ

"ಕಬ್ಬಿಣ ಕರಗಿತು ಅನ್ನಂಗಿಲ್ಲೇನು ನೀವು?"

ಸ್ನೇಹಲ್ ನನ್ನನ್ನು ಮೊದಲು ಕೇಳಿದ್ದು ಇದನ್ನೇ. ಧಾರವಾಡದಲ್ಲಿ ಎಂ.ಎ. ಓದುತ್ತಾಳೆ, ಕೆಲಸಗಾರರ ಮಾತು ಕೂಡಿಸಿ ನಿಘಂಟು ಮಾಡುತ್ತಾಳೆ, ಅದಕ್ಕೇ ತಾರಿಹಾಳದ ನಮ್ಮ ಫೌಂಡ್ರಿಗೆ ಬಂದಿದ್ದಾಳೆ ಎಂದು ಮೇಸ್ತ್ರಿ ಯಂಕಣ್ಣ ಕಾಕಾ ಹೇಳಿದ್ದರು.

"ಬೆಣ್ಣಿ ಕರಗತೈತಿ," ಅಂದೆ. "ಕಬ್ಬಿಣ ನೀರಾಗತೈತಿ."

ಚೀಟಿಯಲ್ಲಿ ಬರೆದುಕೊಂಡಳು. ಬರೆಯುವಾಗ ಕೆಳತುಟಿ ಕಚ್ಚುತ್ತಾಳೆ.

"ಪುಸ್ತಕದಾಗ ದ್ರವ ಅಂತಾರ. ಸಂಸ್ಕೃತದ್ದು. ಮೂಲ ಹುಡುಕಿದ್ರ ಓಡೋದು ಅಂತ ಅರ್ಥ."

"ಅದು ಓಡಿದ್ರ ನಮ್ಮ ಕಾಲು ಸುಡತಾವ್ರಿ."

ನಕ್ಕಳು. ನನಗೆ ಸಿಟ್ಟು ಬಂತು. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಕಲಿತವರು ನಕ್ಕರೆ ನನ್ನನ್ನೇ ನೋಡಿ ನಕ್ಕಂತೆ ಅನಿಸುತ್ತದೆ. ಆದರೂ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

"ಏನಲೇ, ಭಟ್ಟಿಗೆ ಹೆಣ್ಣು ನೋಡಾಕ ಬಂದಿಯೇನು?" ಅಂದರು ಕಾಕಾ.

ಏಳು ದಿನ ಬಂದಳು. ಭಟ್ಟಿಯ ಕೆಂಪು ಬೆಳಕು ಅವಳ ಕನ್ನಡಕದಲ್ಲಿ ಎರಡು ಸಣ್ಣ ದೀಪವಾಗುತ್ತಿತ್ತು. ನಾನು ನೋಡಿದರೆ ಚೀಟಿ ನೋಡುತ್ತಿದ್ದಳು. ಚೀಟಿ ನೋಡುವಾಗ ತುಟಿಯ ಅಂಚಿನಲ್ಲಿ ನಗು ಇರುತ್ತಿತ್ತು.

ಎಂಟನೆಯ ದಿನ ತಪ್ಪಾಯಿತು. ಎರಕ ಹೊಯ್ಯುತ್ತಿರುವವನನ್ನು ನಮ್ಮಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವನು ತಿರುಗಿ ಧಾರೆ ಅರ್ಧಕ್ಕೆ ನಿಂತರೆ ಮೊದಲು ಬಿದ್ದದ್ದು ತಣ್ಣಗಾಗುತ್ತದೆ, ಆಮೇಲೆ ಬಿದ್ದದ್ದು ಅದರ ಜೊತೆ ಕೂಡುವುದಿಲ್ಲ. ಅವಳಿಗೆ ಇದು ಗೊತ್ತಿರಲಿಲ್ಲ.

"ಅಂಬರೀಷ ಅವರ..."

ತಿರುಗಿದೆ. ಕೈ ನಿಂತಿತು. ದೊಡ್ಡ ಪಂಪಿನ ಎರಕ ಹಾಳಾಯಿತು.

"ನಾಳಿಂದ ಬರಬ್ಯಾಡ್ರಿ," ಅಂದೆ. "ನಮ್ಮ ಮಾತು ಒಯ್ದು ನಿಮ್ಮ ಹೆಸರಿನ ಮ್ಯಾಲ ಪುಸ್ತಕ ಮಾಡಾಕ ನಾವ ಸಿಕ್ಕೇವೇನು?"

ಅವಳು ಗಡಿಬಿಡಿಯಲ್ಲಿ ಚೀಟಿ ಕೂಡಿಸಿಕೊಂಡು ಹೋದಳು. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಕಾಕಾ ಅಚ್ಚುಗಳ ಹಿಂದೆ ಬಿದ್ದಿದ್ದ ಅವಳ ಚೀಟಿ ತಂದು ನನ್ನ ಎದೆಗೆ ಒತ್ತಿದರು. "ಓದು, ಶಾಣ್ಯಾ."

ನೀರಾಗು. ಅರ್ಥ: ಲೋಹವು ಕಾದು ಹರಿಯುವಂತಾಗು. ಮೂಲ: ನೀರು, ಆಗು. ಹೇಳಿದವರು: ಅಂಬರೀಷ, ಎರಕದ ಕೆಲಸ. ಊರು:

ಊರಿನ ಮುಂದೆ ಖಾಲಿ. ಅದನ್ನು ಕೇಳಲು ಕರೆದಿದ್ದಳು.

ಆವತ್ತೇ ರಜೆ ಹಾಕಿ ಧಾರವಾಡದ ಬಸ್ ಹತ್ತಿದೆ. ಯುನಿವರ್ಸಿಟಿಯಲ್ಲಿ ಕೇಳಿಕೊಂಡು ಹೋದೆ; ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕಳು. ಚೀಟಿ ಮುಂದೆ ಹಿಡಿದೆ.

"ಗಬ್ಬೂರ," ಅಂದೆ.

ತುಟಿ ಕಚ್ಚಿ ಬರೆದುಕೊಂಡಳು. "ಮತ್ತ ಬೈಯಾಕ ಇಷ್ಟು ದೂರ ಬಂದ್ರೇನು?"

"ಬೈದದ್ದಕ್ಕ ಬಂದೇನಿ. ತಪ್ಪು ನಂದು. ಆರು ವರ್ಷಾತು ಎರಕ ಹೊಯ್ಯಾಕತ್ತು. ಬ್ಯಾರೆ ಯಾರು ಕರೆದಿದ್ರೂ ತಿರಗತಿರಲಿಲ್ಲ ನಾ."

ಪೆನ್ನು ನಿಂತಿತು. ಕಿವಿಯ ತುದಿ ಕೆಂಪಾದದ್ದು ನನಗೆ ಕಂಡಿತು.

"ಇದನ್ನೂ ಬರಕೊಳ್ಳಲೇನು?"

"ಇದು ಪುಸ್ತಕಕ್ಕಲ್ಲರಿ. ನಿಮಗ."

ಅವಳು ಚೀಟಿಯನ್ನು ಉಳಿದವುಗಳ ಜೊತೆ ಇಡದೆ ಬೇರೆಯಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

"ನಾಳೆ ಬರತೇನಿ," ಅಂದಳು. "ಹೆಸರು ಕರಿಯಂಗಿಲ್ಲ."

"ಕರೀರಿ," ಅಂದೆ. "ಎರಕ ಮುಗದ ಮ್ಯಾಲ."