ಒಂಬತ್ತು ಮೊಟ್ಟೆಯ ಹೊಲ

“ಕಿಸೇಲಿ ಒಂದು ಲಾಳದ ಮೊಳೆ ಇಟ್ಕೊಂಡು ಹೋಗು ಹುಡುಗಿ. ಕಬ್ಬಿಣ ಇಲ್ದೆ ಆ ಹೊಲ ತುಳೀಬೇಡ.”

ನೋನಿ ಹನಾಫಿನ್ ತನ್ನ ಹೊಲದ ಗೇಟಿಗೆ ಒರಗಿ ನಿಂತಿದ್ದಳು. ಎಂಬತ್ತು ಸಮೀಪಿಸಿದ ಮುದುಕಿ. ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿ. ಮೊಳೆಯನ್ನು ಆಗಲೇ ಗೇಟಿನ ಕಂಬದ ಮೇಲೆ ಇಟ್ಟಿದ್ದಳು.

ಈಮರ್ ನಕ್ಕುಬಿಟ್ಟಳು. ಡಬ್ಲಿನ್‌ನಲ್ಲಿ ಓದಿ ಬಂದವರಿಗೆ ಲಿಮರಿಕ್ಕಿನ ಹಳ್ಳಿ ಮುದುಕಿಯರ ಮಾತು ಕೇಳಿದರೆ ನಗು ಬೇಗ ಬರುತ್ತದೆ. ಅದೂ ಅಲ್ಲದೆ ನೆಲದಡಿಯ ಹಳೆಯ ಕುರುಹು ಹುಡುಕುವ ಅವಳ ಕಸುಬಿಗೆ ಕಬ್ಬಿಣವೇ ವೈರಿ. ಮಣ್ಣಿನ ಕಾಂತಗುಣ ಅಳೆಯುವ ಯಂತ್ರ ಹೊತ್ತು, ಮೀಟರಿಗೊಂದು ಸಾಲಿನಂತೆ ಹೊಲವಿಡೀ ನಡೆಯಬೇಕು. ಹೂತುಹೋದ ಕಂದಕ, ಗುಂಡಿಗಳೆಲ್ಲ ನಕ್ಷೆಯಲ್ಲಿ ಮೂಡುತ್ತವೆ. ಮೈಮೇಲೆ ಚೂರು ಕಬ್ಬಿಣವಿದ್ದರೂ ನಕ್ಷೆ ಕೆಟ್ಟಂತೆಯೇ. ಬೆಲ್ಟು, ಹೇರ್‌ಪಿನ್ನು, ಗಡಿಯಾರ ಎಲ್ಲವನ್ನೂ ಕಾರಿನಲ್ಲಿ ಬಿಟ್ಟು ರಬ್ಬರ್ ಗಂಬೂಟು ಹಾಕಿಕೊಂಡಿದ್ದಳು.

“ನಿಮ್ಮ ಮೊಳೆ ತಗೊಂಡು ಹೋದ್ರೆ ನಕ್ಷೆ ಕೆಡುತ್ತೆ ನೋನಿ. ರಸ್ತೆ ಬಂದು ಮನೆ ಹೋದ್ಮೇಲೆ ಆ ಮೊಳೆ ಹೊಡಿಯೋಕೆ ಗೋಡೆನೂ ಇರಲ್ಲ.”

ಮಾತು ಸುಳ್ಳಲ್ಲ. ಹೊಸ ಹೆದ್ದಾರಿಯ ಗೆರೆ ನೋನಿಯ ಅಡುಗೆಮನೆಯನ್ನೇ ಸೀಳಿಕೊಂಡು ಹೋಗಿತ್ತು. ಈ ಹೊಲದಡಿಯಲ್ಲಿ ಹಳೆಯ ಮಣ್ಣುಕೋಟೆ ಇದೆಯೆಂದು ತೋರಿಸಿಕೊಟ್ಟರೆ ಮಾತ್ರ ಅದು ಪಕ್ಕಕ್ಕೆ ಸರಿಯುತ್ತದೆ. ನಕ್ಷೆ ಕೊಡಲು ನಾಳೆಯೇ ಕಡೆಯ ದಿನ.

“ಕೋಟೆ ಇತ್ತು ಕಣೆ. ಅರವತ್ತು ವರ್ಷದ ಹಿಂದೆ ನನ್ನ ಮಾವ ಬುಲ್‌ಡೋಜರ್ ತಂದು ಸಮ ಮಾಡ್ಸಿದ. ಆಮೇಲೆ ಬೇಲಿ ಜಗಳ ಆಗಿ ಪಕ್ಕದ ಮನೆಯವಳು ಅಲ್ಲೇ ಒಂಬತ್ತು ಮೊಟ್ಟೆ ಹೂತು ಮಾಟ ಮಾಡಿದ್ಲು. ಇಲ್ಲಿ ಕಾಲಿಟ್ಟಿದ್ದು ಯಾವ್ದೂ ಬೆಳೀಬಾರ್ದು ಅಂತ. ಎಲ್ಲಿ ಹೂತಿದೀನಿ ಅಂತ ಬಾಯಿ ಬಿಡದೇ ಸತ್ಲು.”

“ಅರವತ್ತು ವರ್ಷದ ಮೊಟ್ಟೆ ಆಮ್ಲೆಟ್ಟಿಗೂ ಆಗಲ್ಲ ಬಿಡಿ,” ಎಂದು ಈಮರ್ ಹೊಲಕ್ಕಿಳಿದಳು.

ಜೂನ್ ತಿಂಗಳು. ಸುತ್ತಲಿನ ಹೊಲಗಳಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಇಲ್ಲಿ ದನ ಬಿಡದಿದ್ದರೂ ಬೆರಳುದ್ದ ದಾಟಿರಲಿಲ್ಲ. ಅವಳು ಅದನ್ನು ನೋಡಿದಳು, ಮಣ್ಣು ಸತ್ವ ಕಳಕೊಂಡಿದೆ ಅಂದುಕೊಂಡಳು, ಅಷ್ಟೆ. ಅರವತ್ತು ಸಾಲಿಗೆ, ಒಂದರಿಂದ ಅರವತ್ತರವರೆಗೆ ನಂಬರು ಬರೆದ ಬಿದಿರುಕಡ್ಡಿ ನೆಟ್ಟು ನಡೆಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಪುಟ್ಟ ಪರದೆಯ ಮೇಲೆ ಕೋಟೆಯ ದುಂಡು ಕಂದಕ ಬಳೆಯಂತೆ ಮೂಡಿತ್ತು. ಈಮರ್‌ಗೆ ಕುಣಿಯುವಷ್ಟು ಖುಷಿಯಾಯಿತು. ಮುದುಕಿಯ ಮನೆ ಉಳಿಯಿತು.

ಆಗ ಮಂಜು ಇಳಿಯಿತು. ಜೊತೆಗೆ ಕೊಳೆತ ವಾಸನೆ.

ಅರವತ್ತನೆಯ ಸಾಲಿನ ಕೊನೆಯಲ್ಲಿ ಕಾಲಡಿ ಏನೋ ಚಟ್ಟೆಂದಿತು. ಬಗ್ಗಿ ಹುಲ್ಲಿನ ಹೆಂಟೆ ಸರಿಸಿದಳು. ಒಣಹುಲ್ಲಿನ ಸಿಂಬೆ, ನಡುವೆ ಒಡೆದ ಮೊಟ್ಟೆ. ಬರಿಗೈಯಲ್ಲೇ ಮುಟ್ಟಿದಳು. ಬೆಚ್ಚಗಿತ್ತು. ಕಪ್ಪು ಲೋಳೆ ಬೆರಳುಗಳನ್ನು ಸುತ್ತಿಕೊಂಡು ಉಗುರಿನ ಸಂದಿಗೆ ಇಳಿಯಿತು.

ಎದ್ದು ಮುಂದೆ ನಡೆದಳು. ಎದುರಿಗೊಂದು ಕಡ್ಡಿ. ಅರವತ್ತೊಂದು.

ಅವಳು ನೆಟ್ಟದ್ದು ಅರವತ್ತೇ. ಹಿಂತಿರುಗಿದಳು. ಅರವತ್ತೆರಡು. ಅವಳದೇ ಅಕ್ಷರ. ಬೇಲಿಯಿಲ್ಲ, ಮರವಿಲ್ಲ. ಎಪ್ಪತ್ತು. ಎಪ್ಪತ್ತೊಂದು. ಹಿಂದಿನ ಸಾಲಿನಲ್ಲಿ ಹುಲ್ಲು ಸರಬರ ಎಂದಿತು. ನಿಂತಳು. ಒಂದು ಹೆಜ್ಜೆ ತಡವಾಗಿ ಅದೂ ನಿಂತಿತು.

“ಗೇಟಿನ ಕಡೆ ಬಾ!” ನೋನಿ ಕಲ್ಲಿನಿಂದ ಗೇಟು ಬಡಿಯುತ್ತಿದ್ದಳು. ಸದ್ದು ನಾಲ್ಕೂ ಕಡೆಯಿಂದ ಬರುತ್ತಿತ್ತು. “ಆ ಯಂತ್ರ ಬಿಸಾಕಿ ಓಡು!”

ಈಮರ್ ಬಿಸಾಡಲಿಲ್ಲ. ಅದರ ಹೊಟ್ಟೆಯಲ್ಲಿ ಮುದುಕಿಯ ಮನೆಯಿತ್ತು. ಭಯಕ್ಕಿಂತ ಹೆಚ್ಚಾಗಿ ಈಗ ಅವಳಿಗೆ ಸಿಟ್ಟು ಬಂದಿತ್ತು. ಕಿವಿ ಸುಳ್ಳು ಹೇಳಬಹುದು. ಕಣ್ಣೂ ಹೇಳಬಹುದು. ಯಂತ್ರ ಹೇಳುವುದಿಲ್ಲ. ಗೇಟು ಕಬ್ಬಿಣದ್ದು. ನಕ್ಷೆ ಕೆಡುತ್ತದೆಂದು ಬೆಳಿಗ್ಗೆಯಿಂದ ಅದರ ಹತ್ತಿರ ಸುಳಿದಿರಲಿಲ್ಲ. ಈಗ ಅದೇ ಬೇಕು. ಕಬ್ಬಿಣ ಹತ್ತಿರವಾದರೆ ಪರದೆಯ ಅಂಕಿ ಏರುತ್ತದೆ. ಎಡಕ್ಕೆ ನಡೆದಳು. ಅಂಕಿ ಅಲುಗಲಿಲ್ಲ. ಬಲಕ್ಕೆ. ಇಲ್ಲ. ಕತ್ತಿನ ಮೇಲೆ ಕೊಳೆತ ಉಸಿರು. ಮುಂದಕ್ಕೆ. ಮತ್ತೆ ಮುಂದಕ್ಕೆ. ಅಂಕಿ ಏರಿತು. ಐದು. ಹನ್ನೆರಡು. ನಲವತ್ತು. ಯಂತ್ರ ಕಿರುಚಿತು. ಕೈಗೆ ಗೇಟಿನ ತಣ್ಣನೆಯ ಸರಳು ಸಿಕ್ಕಿತು.

ಹೆದ್ದಾರಿ ಪಕ್ಕಕ್ಕೆ ಸರಿಯಿತು. ಆಗಸ್ಟ್‌ನಲ್ಲಿ ಈಮರ್ ಸುದ್ದಿ ಹೇಳಲು ಬಂದಳು. ಗೇಟಿನ ಬಳಿ ನಿಂತು ಬಲಗೈ ಚಾಚಿದಳು. ಜೂನ್‌ನಲ್ಲಿ ಕತ್ತರಿಸಿದ ಉಗುರು. ಅಂದಿನಿಂದ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ನೋನಿ ಈಮರ್ ಕಾಣುವಂತೆ ಮೊದಲ ಸಲ ಜೇಬಿನಿಂದ ಕೈ ತೆಗೆದು ಅದರ ಪಕ್ಕದಲ್ಲಿಟ್ಟಳು. ಅಲ್ಲೂ ಅಂಥವೇ ಮೋಟು ಉಗುರುಗಳು.

“ಮದುವೆ ಆದ ವರ್ಷ ಈ ಹೊಲ ದಾಟಿದ್ದೆ, ಹತ್ತೊಂಬತ್ತು ನಂಗೆ. ಆವತ್ತಿಂದ ಉಗುರು ಬೆಳೀಲಿಲ್ಲ. ಹೊಟ್ಟೇಲೂ ಏನೂ ಬೆಳೀಲಿಲ್ಲ. ಹೇಳೋಕೆ ನಾಚಿಕೆ ಆಗ್ತಿತ್ತು ಮಗಳೇ.”

ಈಮರ್‌ಗೆ ಮೂವತ್ತೊಂದು. ಮಕ್ಕಳು ಬೇಕೆಂದು ಆಸೆಯಿತ್ತು. ನಕ್ಷೆ ತೆಗೆದು ಗೇಟಿನ ಮೇಲೆ ಹರಡಿದಳು. ದುಂಡು ಕಂದಕದ ಒಳಗೂ ಸುತ್ತಲೂ ಒಂಬತ್ತು ಪುಟ್ಟ ಗುಂಡಿಗಳು, ಒಂಬತ್ತು ಕಪ್ಪು ಚುಕ್ಕೆಗಳು.

“ಎಲ್ಲಿ ಹೂತಿದ್ದಾಳೆ ಅಂತ ಅವಳು ಹೇಳದಿದ್ರೆ ಬೇಡ. ಹೊಲ ಹೇಳಿದೆ. ಒಂದು ಒಡೆದಿದೆ, ಎಂಟು ಹಾಗೇ ಇದಾವೆ. ಕೈ ತಾಗಿಸ್ದೆ ಕಿತ್ತು ತೆಗೀಬೇಕು, ಮನೇಲಿ ಇಕ್ಕಳ ಇದ್ಯಾ?”

ಈಮರ್ ಇನ್ನೂ ಕಂಬದ ಮೇಲೇ ಇದ್ದ ಲಾಳದ ಮೊಳೆಯನ್ನು ಎತ್ತಿ ಕಿಸೆಗೆ ಹಾಕಿಕೊಂಡಳು.

ನೋನಿ ಅರವತ್ತು ವರ್ಷ ಕಾಲಿಡದ ಹೊಲವನ್ನು ಒಮ್ಮೆ ನೋಡಿದಳು. “ಇದೆ. ಸುಡೋಕೆ ಸೀಮೆಎಣ್ಣೇನೂ ಇದೆ,” ಎಂದಳು. “ತಡಿ, ನಾನೂ ಬರ್ತೀನಿ.”