ಬರ್ತೀನಿ ಅನ್ನದವಳು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ತೆಗೆದಿಡುವುದನ್ನು ಮರೆತು ಓಡಿ ಬಂದಿದ್ದಳು. ಬಟ್ಟೆ ಹೊಲಿಯುವವಳು ಎಂದು ಬೇರೆ ಹೇಳಬೇಕಾಗಿರಲಿಲ್ಲ. ದಫೇದಾರರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಂಗಿ ಹೆಂಗಸರ ಜೈಲಲ್ಲಿದ್ಲು. ಈಗ ಆಸ್ಪತ್ರೇಲಿದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ಲು ಅಂತಾರೆ. ಸುಳ್ಳು."

"ಆ ಜೈಲು ಹೇಗೂ ಮುಚ್ಚಿ ಹೋಗ್ತಿದೆಯಲ್ಲಮ್ಮ," ಎಂದರು ದಫೇದಾರರು. ಸಮಾಧಾನ ಹೇಳುವ ಉದ್ದೇಶವೇ ಇತ್ತು ಅವರಿಗೆ.

ಊರಿಗೆಲ್ಲ ಗೊತ್ತಿದ್ದ ಸುದ್ದಿ ಅದು. ಹೆಂಗಸರ ಜೈಲಿನ ಸಿಬ್ಬಂದಿ ಕೈದಿಗಳನ್ನು ಹಿಂಸಿಸುತ್ತಾರೆ ಎಂದು ದೂರು ಹೋಗಿ, ವಿಚಾರಣೆ ನಡೆದು, ಜೈಲನ್ನೇ ಮುಚ್ಚಬೇಕೆಂದು ಆದೇಶವಾಗಿತ್ತು. ಬುಧವಾರ ಮಧ್ಯಾಹ್ನ ಎಲ್ಲರನ್ನೂ ಬಸ್ಸಿನಲ್ಲಿ ಹೊಸ ಜೈಲಿಗೆ ಸಾಗಿಸುವುದಿತ್ತು. ಜನ ಪತ್ರಿಕೆ ಮಡಚಿಟ್ಟು, ಪೀಡೆ ಕಳೆಯಿತು ಎಂದುಕೊಂಡಿದ್ದರು.

"ಜೈಲು ಮುಚ್ಚುತ್ತೆ. ಸಿಬ್ಬಂದಿ ಎಲ್ಲಿಗೆ ಹೋಗ್ತಾರೆ?" ಎಂದಳು ಹೊಲಿಗೆಯವಳು. "ಅದೇ ಬಸ್ಸಲ್ಲಿ ಅದೇ ಹೊಸ ಜೈಲಿಗೆ. ನನ್ನ ತಂಗೀನೂ ಹುಷಾರಾದ್ಮೇಲೆ ಅಲ್ಲಿಗೇ ಹೋಗಬೇಕು."

ಒಳಗಿನ ಕೋಣೆಯಲ್ಲಿ ಫೈಲು ನೋಡುತ್ತಿದ್ದ ಇನ್‌ಸ್ಪೆಕ್ಟರ್ ತಲೆ ಎತ್ತಿದಳು. ಎದ್ದು ಬಂದು ತಾನೇ ಕುರ್ಚಿ ಎಳೆದು ಕೊಟ್ಟಳು.

"ಸುಳ್ಳು ಅಂತ ಹೇಗೆ ಹೇಳ್ತೀರಿ?"

"ಹಿಂದಿನ ದಿನ ಫೋನ್ ಮಾಡಿದ್ಲು ಮೇಡಂ. 'ಅಕ್ಕ, ನಾಳೆ ನನ್ನನ್ನ ತವರಿಗೆ ಕಳಿಸ್ತಾರಂತೆ' ಅಂದ್ಲು. ನಮಗೆ ಅಪ್ಪ ಅಮ್ಮ ಇಲ್ಲ, ಅನಾಥಾಶ್ರಮದಲ್ಲಿ ಬೆಳೆದೋರು. ಅವಳಿಗೆ ತವರು ಅಂದ್ರೆ ನನ್ನ ಮನೆ ತಾನೆ? ರಜೆ ಕೊಟ್ಟು ಕಳಿಸ್ತಾರೆ ಅಂದ್ಕೊಂಡೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಅಂಗಡಿ ಮುಚ್ಚಿ ಬಾಗಿಲಲ್ಲಿ ಕೂತೆ. ಬರಲಿಲ್ಲ."

"ಫೋನಲ್ಲಿ ದನಿ ಹೇಗಿತ್ತು?"

ಹೊಲಿಗೆಯವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಅಳ್ತಿದ್ಲು. ಖುಷಿಗೆ ಅಳ್ತಿದ್ದಾಳೆ ಅಂದ್ಕೊಂಡುಬಿಟ್ಟೆ ನಾನು."

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಜೈಲಿನ ಅಪರಿಚಿತ ಸಿಬ್ಬಂದಿ' ಎಂದು ಬರೆಯಲಾಯಿತು. ಅರ್ಧ ಗಂಟೆಯೊಳಗೆ ಮೇಲಿನ ಸಾಹೇಬರ ಫೋನು ಬಂತು. ಸುದ್ದಿಗೆ ಕಾಲಿಲ್ಲದಿದ್ದರೂ ಅವರ ಕೋಣೆಯ ದಾರಿ ಮಾತ್ರ ಚೆನ್ನಾಗಿ ಗೊತ್ತಿತ್ತು.

"ಮುಚ್ಚೋ ಅಂಗಡಿ ಮೇಲೆ ದಾಳಿ ಯಾಕಮ್ಮ?"

"ಅಂಗಡಿ ಮುಚ್ಚುತ್ತೆ ಸಾರ್. ಅಂಗಡಿಯವರು ಸರಕಿನ ಜೊತೆಗೇ ಹೋಗ್ತಿದ್ದಾರೆ."

"ಬುಧವಾರ ಮಧ್ಯಾಹ್ನ ಬಸ್ ಹೊರಡುತ್ತೆ. ಆಮೇಲೆ ಆ ಕಟ್ಟಡ ಬೇರೆ ಇಲಾಖೆಯದು, ಆ ಹೆಂಗಸರು ಬೇರೆ ಠಾಣೆಯವರ ತಲೆನೋವು. ಅಷ್ಟರೊಳಗೆ ಏನು ಮಾಡ್ತೀಯೋ ಮಾಡು."

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಜೈಲಿನ ಕಾವಲಿನವಳೊಬ್ಬಳು ಕೂತಿದ್ದಳು. ಇನ್‌ಸ್ಪೆಕ್ಟರ್ ಅವಳನ್ನು ಎಬ್ಬಿಸಿ ತನ್ನ ಮಹಿಳಾ ಕಾನ್‌ಸ್ಟೆಬಲ್ಲನ್ನು ಕೂರಿಸಿದಳು. ಒಳಗೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ ತಂಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಕಳವಿನ ಕೇಸಿನಲ್ಲಿ ಶಿಕ್ಷೆಯಾಗಿ ಒಳಗೆ ಹೋದವಳು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

"ಬಿದ್ದರೆ ಒಂದು ಕೈ ಮುರಿಯಬಹುದು," ಎಂದರು ಡಾಕ್ಟರು ಮೆಲ್ಲಗೆ. "ಎರಡೂ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಗಾಯ ಆಗಲ್ಲ. ಕಟ್ಟಿಹಾಕಿದ್ದಾರೆ. ಬಿಡಿಸಿಕೊಳ್ಳೋಕೆ ಎಳೆದಾಡಿದ್ದಾಳೆ."

ಕೇಳಿದ ಪ್ರಶ್ನೆಗೆಲ್ಲ ತಂಗಿ ಸುಮ್ಮನಿದ್ದಳು. ದಿಂಬು ಸರಿಮಾಡಲು ಬಂದ ನರ್ಸು, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಬೇಗ ಹುಷಾರಾಗಮ್ಮ, ತವರಿಗೆ ಹೋಗುವೆಯಂತೆ," ಎಂದಳು. ಮರುಗಳಿಗೆಯಲ್ಲಿ ಹಾಸಿಗೆ ಖಾಲಿಯಾಗಿತ್ತು. ತಂಗಿ ಮಂಚದ ಕೆಳಗೆ ನುಸುಳಿ, ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವಚಿಕೊಂಡು ನಡುಗುತ್ತಿದ್ದಳು. ಆ ಪದ ಕೇಳಿದರೆ ಹೆಣ್ಣುಮಕ್ಕಳ ಮುಖ ಅರಳುವುದನ್ನು ಮಾತ್ರ ಇನ್‌ಸ್ಪೆಕ್ಟರ್ ನೋಡಿದ್ದಳು.

ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ತಪಾಸಣೆಗೆ ಸಾಕ್ಷಿಯಾಗಲು ಇಬ್ಬರು ಪಂಚರನ್ನು ಕರೆದುಕೊಂಡು ಜೈಲಿಗೆ ಹೋದರು. ಒಬ್ಬರು ಔಷಧಿ ಅಂಗಡಿಯವರು, ಇನ್ನೊಬ್ಬರು ಅಂಚೆಯವರು. ಹಜಾರದಲ್ಲಿ ಕಬ್ಬಿಣದ ಮಂಚಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಿರಿಯ ಜೈಲಧಿಕಾರಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನರೆತ ಕೂದಲು, ದಾರಕ್ಕೆ ಕಟ್ಟಿದ ಕನ್ನಡಕ, ಪಕ್ಕದವರಿಗಷ್ಟೇ ಕೇಳುವ ಮೆಲುದನಿ. ಕೈದಿಗಳನ್ನು 'ನನ್ನ ಮಕ್ಕಳು' ಎಂದೇ ಕರೆಯುವವಳು. ವಿಚಾರಣೆಯ ವರದಿಯಲ್ಲಿ ಬಹುಪಾಲು ಸಿಬ್ಬಂದಿಯ ಹೆಸರಿದ್ದರೂ ಆಕೆಯದು ಇರಲಿಲ್ಲ.

"ಇಲ್ಲಿ ತವರು ಅಂದ್ರೇನು?" ಇನ್‌ಸ್ಪೆಕ್ಟರ್ ಕೇಳಿದಳು.

"ತವರೆ?" ದೊಡ್ಡಮ್ಮ ನಕ್ಕಳು. "ಜೈಲನ್ನ ಜನ ಮಾವನ ಮನೆ ಅಂತಾರೆ. ತವರು ಅಂದೋರನ್ನ ನಾನು ಕೇಳಿಲ್ಲಮ್ಮ. ಟೀ ತಗೊಳ್ಳಿ, ಆರುತ್ತೆ."

ಬಚ್ಚಲಿನ ನೆಲ ಒರಟು ಕಲ್ಲಿನದು. ದಫೇದಾರರು ನೀರು ಚೆಲ್ಲಿ, ಚಪ್ಪಲಿ ಬಿಟ್ಟು, ಅತ್ತಿಂದಿತ್ತ ನಡೆದರು. "ಜಾರೋಣ ಅಂತ ಹಟ ಹಿಡಿದರೂ ಜಾರ್ತಿಲ್ಲ ಮೇಡಂ," ಎಂದರು. ಅದೂ ಪಂಚನಾಮೆಗೆ ಸೇರಿತು.

ಅಂಗಳದಲ್ಲಿ ಹೆಂಗಸರು ಗಂಟುಮೂಟೆಯ ಪಕ್ಕ ಸಾಲಾಗಿ ಕೂತಿದ್ದರು. ಯಾರನ್ನು ಮಾತಾಡಿಸಿದರೂ ಅದೇ ಉತ್ತರ: ಗೊತ್ತಿಲ್ಲ, ನೋಡಿಲ್ಲ. ಪಹರೆಯವಳೊಬ್ಬಳು ಅವರ ನಡುವೆ ಕೂಗಾಡುತ್ತ ಓಡಾಡುತ್ತಿದ್ದಳು. ಅವಳಿಗೆ ಗುಡುಗಮ್ಮ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿತ್ತು.

ಇನ್‌ಸ್ಪೆಕ್ಟರ್ ನೆಲ ನೋಡುತ್ತ ನಿಂತಳು. ಬ್ಯಾರಕ್ಕಿನಿಂದ ನಲ್ಲಿಗೆ ಹೋಗುವ ಕಾಲುದಾರಿ ಮಣ್ಣಿನಲ್ಲಿ ಸವೆದು ಹೊಳೆಯುತ್ತಿತ್ತು. ನೆಟ್ಟಗೆ ಹೋದರೆ ಹತ್ತಿರ. ಆದರೆ ದಾರಿ ಹಳೆಯ ಬಟ್ಟೆ ಒಗೆಯುವ ಮನೆಯ ಹತ್ತಿರ ಬರುತ್ತಿದ್ದಂತೆ ದೂರಕ್ಕೆ ಬಾಗಿ, ಸುತ್ತು ಬಳಸಿ ನಲ್ಲಿ ಸೇರುತ್ತಿತ್ತು. ತುಂಬಿದ ಕೊಡ ಹೊತ್ತವರು ಯಾರೂ ಸುಮ್ಮನೆ ಸುತ್ತು ಹಾಕುವುದಿಲ್ಲ.

"ಅದನ್ನ ತೆಗೀರಿ," ಎಂದಳು.

"ಅದು ಪಾಳುಬಿದ್ದು ಎಷ್ಟೋ ವರ್ಷ ಆಯ್ತಲ್ಲ," ಎಂದಳು ದೊಡ್ಡಮ್ಮ.

ಪಾಳುಬಿದ್ದ ಬಾಗಿಲಿನ ಅಗುಳಿಗೆ ಹೊಸದಾಗಿ ಎಣ್ಣೆ ಹಾಕಿತ್ತು. ಒಳಗೆ ಬಟ್ಟೆ ಒಣಗಿಸುವ ಕಿಟಕಿಯಿಲ್ಲದ ಕೋಣೆ. ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ತುಕ್ಕು ಹಿಡಿದ ಕೊಳವೆ. ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ತುಕ್ಕೆಲ್ಲ ಉಜ್ಜಿಹೋಗಿ ಕಬ್ಬಿಣ ಮಿರಮಿರ ಮಿಂಚುತ್ತಿತ್ತು. ಕೆಳಗೆ ಹರಿದ ಹೊದಿಕೆಯ ಪಟ್ಟಿಗಳು. ಔಷಧಿ ಅಂಗಡಿಯವರು ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದು ಸಹಿ ಹಾಕಿದರು.

ದೊಡ್ಡಮ್ಮ ಕಟ್ಟೆಯ ಮೇಲೆ ಕುಸಿದು ಕಣ್ಣೊರೆಸಿಕೊಂಡಳು. "ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ. ಬೀಗದ ಕೈ ಇರೋದು ಅವಳ ಹತ್ರ."

ಗುಡುಗಮ್ಮನ ವಿಚಾರಣೆ ಅಲ್ಲೇ ನಡೆಯಿತು.

"ಒಳಗೆ ಕಟ್ಟಿದ್ದು ನೀನಾ?"

"ಕೂಗಾಡ್ತೀನಿ. ಬೈತೀನಿ. ಕಟ್ಟಿಲ್ಲ."

"ಬೀಗ?"

"ಹಾಕು ಅಂದಾಗ ಹಾಕಿದೆ. ತೆಗಿ ಅಂದಾಗ ತೆಗೆದೆ."

"ಯಾರು ಅಂದಿದ್ದು?"

ಅಷ್ಟು ಹೊತ್ತು ಗುಡುಗಿದವಳ ದನಿ ಇಳಿಯಿತು. "ನನಗಿನ್ನೂ ತುಂಬ ಸರ್ವಿಸ್ ಇದೆ ಮೇಡಂ," ಎಂದಷ್ಟೇ ಹೇಳಿದಳು.

ಹೊರಡುವಾಗ ದೊಡ್ಡಮ್ಮ ತಾನೇ ದಿಡ್ಡಿ ಬಾಗಿಲ ತನಕ ಬಂದಳು. "ಹೋಗ್ತೀವಮ್ಮ," ಎಂದರು ದಫೇದಾರರು.

"ಹಾಗನ್ನಬಾರದಪ್ಪ. ಬರ್ತೀವಿ ಅನ್ನಬೇಕು."

"ಜೈಲಿಗೆ ಯಾರಾದ್ರೂ ಬರ್ತೀನಿ ಅಂತಾರಾ?" ದಫೇದಾರರು ನಕ್ಕರು. ದೊಡ್ಡಮ್ಮನೂ ನಕ್ಕಳು. ಆದರೆ ಅಗುಳಿಯ ಮೇಲಿನ ಕೈ ಕದಲಲಿಲ್ಲ. ಕೊನೆಗೆ ದಫೇದಾರರು, "ಆಯ್ತು, ಬರ್ತೀವಿ," ಎಂದ ಮೇಲೆ ಬಾಗಿಲು ತೆರೆಯಿತು. ಮನೆಯ ಹಿರಿಯರು ಯಾರಾದರೂ ಹೇಳುವ ಮಾತೇ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಸಂಜೆ ಸಾಹೇಬರು ಫೋನಿನಲ್ಲಿ ಲೆಕ್ಕ ಚುಕ್ತಾ ಮಾಡಿದರು. "ಕೋಣೆ ಸಿಕ್ತು, ಬೀಗದವಳು ಸಿಕ್ಕಳು. ಅವಳನ್ನ ಹಿಡಿದು ಮುಗಿಸು."

ಇನ್‌ಸ್ಪೆಕ್ಟರಿಗೆ ಮನಸ್ಸು ಒಪ್ಪಲಿಲ್ಲ. ಬಾಯಿಬಡುಕಿಯ ಸಿಟ್ಟು ಬಾಯಲ್ಲೇ ಸುರಿದುಹೋಗುತ್ತದೆ. ನರಳುವ ಕೋಣೆಗೆ ತವರೆಂದು ಹೆಸರಿಡಲು ತಾಳ್ಮೆ ಬೇಕು.

ಆಸ್ಪತ್ರೆಗೆ ಹೋದಾಗ ಅಕ್ಕ ತಂಗಿಯ ತಲೆ ಬಾಚಿ ಜಡೆ ಹಾಕುತ್ತಿದ್ದಳು. ತಂಗಿ ಇನ್ನೂ ಮೂಕಿಯೇ. ಭೇಟಿಯ ಸಮಯ ಮುಗಿಯಿತೆಂದು ನರ್ಸು ಹೇಳಿದಾಗ ಅಕ್ಕ ಎದ್ದು, ಅಭ್ಯಾಸದಂತೆ, "ಬರ್ತೀನಿ ಪುಟ್ಟಿ," ಎಂದಳು.

ತಂಗಿ ಎಡಗೈಯಿಂದ ಅವಳ ಬಾಯಿ ಮುಚ್ಚಿದಳು.

"ಹಾಗನ್ನಬೇಡ ಅಕ್ಕ."

ಅಕ್ಕ ಮತ್ತೆ ಮಂಚದ ಅಂಚಿಗೆ ಕೂತಳು. ತಂಗಿ ಹೊದಿಕೆ ನೋಡುತ್ತ ಮೆಲ್ಲಗೆ ಹೇಳಿದಳು: "ಅಲ್ಲಿಂದ ಬಿಡೋವಾಗ ಹಾಗೆ ಅನ್ನಿಸ್ತಾರೆ. ತವರಿಂದ ಹೊರಡೋ ಮಗಳು ಬರ್ತೀನಿ ಅನ್ನಬೇಕು ಅಂತ. ಅಂದ್ರೆ ಬಾಗಿಲು ತೆಗೀತಾರೆ. ಎಲ್ಲರೂ ಅಂದ್ರು. ನಾನು ಅನ್ನಲಿಲ್ಲ."

"ಯಾಕೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಅಂದ್ರೆ ಮತ್ತೆ ಹೋಗಬೇಕಾಗುತ್ತಲ್ಲ."

"ಅನ್ನಿಸಿದ್ದು ಯಾರು?"

ತಂಗಿ ಗೋಡೆ ಕಡೆ ತಿರುಗಿದಳು. "ಅವರೂ ಬಸ್ಸಲ್ಲಿ ಬರ್ತಾರೆ."

ಇನ್‌ಸ್ಪೆಕ್ಟರಿಗೆ ಅಗುಳಿಯ ಮೇಲಿದ್ದ ಆ ಕೈ ಕಣ್ಣಿಗೆ ಕಟ್ಟಿತು. ಆದರೆ ಬರ್ತೀನಿ ಅನ್ನಿ ಎಂದು ಹೇಳಿದ್ದಕ್ಕೆ ಯಾವ ಕಾನೂನಿನಲ್ಲೂ ಕೇಸಿಲ್ಲ. ಬಾಯಿ ಬಿಡಬೇಕಾದವರು ಅಂಗಳದಲ್ಲಿ ಗಂಟುಮೂಟೆಯ ಪಕ್ಕ ಕೂತಿದ್ದರು.

ಬುಧವಾರ ಹನ್ನೊಂದೂವರೆಗೆ ಮೂರು ಬಸ್ಸುಗಳು ಜೈಲಿನ ಮುಂದೆ ನಿಂತಿದ್ದವು. ದಿಡ್ಡಿ ಬಾಗಿಲ ಒಳಗೆ ಹೆಂಗಸರು ಸಾಲು ನಿಂತಿದ್ದರು. ದೊಡ್ಡಮ್ಮ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಭುಜ ನೇವರಿಸುತ್ತಿದ್ದಳು. ಅವಳ ಪೆಟ್ಟಿಗೆ ಆಗಲೇ ಮೊದಲ ಬಸ್ಸಿನಲ್ಲಿತ್ತು. ಎಲ್ಲರ ಕಣ್ಣೆದುರಿಗೇ ಗುಡುಗಮ್ಮನನ್ನು ಕರೆದೊಯ್ದು ಹೊರಗಿನ ಜೀಪಿನಲ್ಲಿ ಕೂರಿಸಲಾಯಿತು. ಸಾಲಿನಲ್ಲಿ ಯಾರೂ ನೆಮ್ಮದಿಯ ಉಸಿರು ಬಿಡಲಿಲ್ಲ. ಹಿಡಿದದ್ದು ನಿಜವಾದ ಅಪರಾಧಿಯನ್ನಲ್ಲ ಎನ್ನಲು ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಯಿತು.

ಆಕೆ ದೊಡ್ಡಮ್ಮನ ಎದುರಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಕೆಲಸ ಮುಗೀತು ದೊಡ್ಡಮ್ಮ. ಹೋಗ್ತೀನಿ."

"ಹಾಗನ್ನಬಾರದಮ್ಮ."

"ಹೋಗ್ತೀನಿ," ಇನ್‌ಸ್ಪೆಕ್ಟರ್ ಮತ್ತೆ ಹೇಳಿದಳು.

ದೊಡ್ಡಮ್ಮನ ಕೈ ತಾನಾಗಿ ಅಗುಳಿಗೆ ಹೋಯಿತು. ನಗು ಮಾಸಿತು. ಅದುವರೆಗೆ ಯಾರೂ ಕೇಳಿರದ ಗಟ್ಟಿ ದನಿಯಲ್ಲಿ ಹೇಳಿದಳು: "ಏನನ್ನಬೇಕು?"

"ಬರ್ತೀನಿ ದೊಡ್ಡಮ್ಮ."

ಉತ್ತರ ಕೊಟ್ಟದ್ದು ಇನ್‌ಸ್ಪೆಕ್ಟರ್ ಅಲ್ಲ. ಆಕೆಯ ಬೆನ್ನ ಹಿಂದೆ ಇಡೀ ಸಾಲು, ಮುದುಕಿಯರು ಎಳೆಯರು ಎನ್ನದೆ, ಒಂದೇ ದನಿಯಲ್ಲಿ ಹೇಳಿತ್ತು. ಇದನ್ನು ಇನ್‌ಸ್ಪೆಕ್ಟರ್ ಎಣಿಸಿರಲಿಲ್ಲ. ದೊಡ್ಡಮ್ಮನ ಮಾತನ್ನು ತಾನು ಮೀರುವುದನ್ನು ನೋಡಿ ಅವರ ಭಯ ಸ್ವಲ್ಪ ಸಡಿಲವಾದೀತು ಎಂದಷ್ಟೇ ಕಾದಿದ್ದಳು. ಹೆಂಗಸರು ತಮ್ಮ ದನಿಗೆ ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ದಫೇದಾರರ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು.

"ಇದನ್ನ ಎಲ್ಲಿ ಕಲಿತ್ರಿ?" ಇನ್‌ಸ್ಪೆಕ್ಟರ್ ತಿರುಗಿ ಕೇಳಿದಳು. "ಈಗ ಹೇಳಿದರೆ ಇವರು ಬಸ್ ಹತ್ತಲ್ಲ."

ಅಡುಗೆ ಕೆಲಸದ ಮುದುಕಿಯೊಬ್ಬಳು ಗಂಟನ್ನು ಕೆಳಗಿಟ್ಟಳು. "ಬಟ್ಟೆ ಒಗೆಯೋ ಮನೇಲಿ," ಎಂದಳು. "ಇವರೇ ಕಟ್ಟೋರು. ಇವರೇ ಕಲಿಸಿದ್ದು. ಬರ್ಕೊಳ್ಳಿ ತಾಯಿ, ಮೊದಲು ನಂದು ಬರ್ಕೊಳ್ಳಿ."

ಆಮೇಲೆ ಕಟ್ಟೆ ಒಡೆದಂತಾಯಿತು. ಜೀಪಿನಿಂದ ಗುಡುಗಮ್ಮನ ದನಿಯೂ ಕೇಳಿಸಿತು: ಬೀಗ ಹಾಕು ಅಂದದ್ದು ದೊಡ್ಡಮ್ಮನೇ ಎಂದು. ಹನ್ನೆರಡು ಇಪ್ಪತ್ತಕ್ಕೆ ದೊಡ್ಡಮ್ಮನ ಬಂಧನ ದಾಖಲಾಯಿತು. ಕಣ್ಣಿದ್ದೂ ಕುರುಡಾಗಿ ಬೀಗ ಹಾಕಿದ್ದಕ್ಕೆ ಗುಡುಗಮ್ಮ ಎರಡನೆಯ ಆರೋಪಿಯಾದಳು. ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಲಾಯಿತು. ಬಸ್ಸುಗಳು ತಡವಾಗಿ ಹೊರಟವು, ಜೈಲಿನ ದೊಡ್ಡ ಬಾಗಿಲಿಗೆ ಮೊಹರು ಬಿತ್ತು.

ಠಾಣೆಯಲ್ಲಿ ದೊಡ್ಡಮ್ಮ ಮುಚ್ಚುಮರೆಯಿಲ್ಲದೆ ಹೇಳಿಕೆ ಕೊಟ್ಟಳು. ಅವಳಿಗೆ ಒಬ್ಬಳೇ ಮಗಳು. ಎಷ್ಟೋ ವರ್ಷದ ಹಿಂದೆ ಒಂದು ಬೆಳಿಗ್ಗೆ ಚೀಲ ಹಿಡಿದು ಹೊಸಿಲು ದಾಟಿದಳು. "ಹೋಗ್ತೀನಿ ಅಂದ್ಲು. ಬರ್ತೀನಿ ಅನ್ನು ಅಂದೆ. ಎಷ್ಟು ಕೇಳಿಕೊಂಡ್ರೂ ಅನ್ನಲಿಲ್ಲ. ಇವರೆಲ್ಲ ಅಂತಿದ್ರು. ಕೇಳೋಕೆ ಹಿತ ಆಗೋದು."

"ಮಗಳು ಯಾಕೆ ಹೋದ್ಲು?"

"ಶಿಸ್ತು ಬೇಡವಾಗಿತ್ತು ಅವಳಿಗೆ."

"ಅವಳನ್ನೂ ಕಟ್ಟಿದ್ರಾ?"

ದೊಡ್ಡಮ್ಮ ಕನ್ನಡಕ ಒರೆಸುತ್ತ ಕೂತಳು. ಇನ್‌ಸ್ಪೆಕ್ಟರಿಗೆ ಅವಳ ಮೇಲೆ ಕರುಣೆ ಬರಲಿಲ್ಲ. ಬಂದದ್ದು ಎಲ್ಲೋ ಬದುಕಿರಬಹುದಾದ ಆ ಮಗಳ ಮೇಲೆ. ಪ್ರಶ್ನೆಯ ಮುಂದೆ 'ಉತ್ತರವಿಲ್ಲ' ಎಂದು ಬರೆಸಿ ಸಹಿ ಹಾಕಿಸಿದಳು.

ಸಂಜೆ ಆಸ್ಪತ್ರೆಗೆ ಹೋಗಿ, ದೊಡ್ಡಮ್ಮ ಹೊಸ ಜೈಲಿನಲ್ಲಿ ಇರುವುದಿಲ್ಲ ಎಂದು ತಂಗಿಗೆ ತಾನೇ ಹೇಳಿದಳು. ತಂಗಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಭೇಟಿಯ ಸಮಯ ಮುಗಿದಾಗ ಅಕ್ಕ ಎದ್ದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಆಮೇಲೆ ಕೊರಳಿನ ಟೇಪು ತೆಗೆದು ಸುರುಳಿ ಸುತ್ತಿ ತಂಗಿಯ ಎಡಗೈಯಲ್ಲಿಟ್ಟಳು.

"ಇದು ನಿನ್ನ ಹತ್ರ ಇರಲಿ. ನಾಳೆ ಬೆಳಿಗ್ಗೆ ಅಂಗಡಿ ತೆಗಿಯೋ ಮುಂಚೆ ನನಗೆ ಬೇಕು."

ತಂಗಿ ಟೇಪನ್ನು ಬಿಗಿಯಾಗಿ ಹಿಡಿದುಕೊಂಡಳು. ಅಕ್ಕ ಇನ್ನೇನೂ ಹೇಳದೆ, ಬಾಗಿಲನ್ನು ಹಾಗೇ ತೆರೆದುಬಿಟ್ಟು ಹೊರಟಳು.